ಮೂರನೆಯವಳ ಲೆಕ್ಕ

ಒಂದು ಸಂಘಕ್ಕೆ ಊರೂರಲ್ಲಿ ಘಟಕಗಳಿದ್ದರೆ, ಚೆನ್ನಾಗಿ ಕೆಲಸ ಮಾಡಿದ ಘಟಕಕ್ಕೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡಬೇಕು. ಅದನ್ನು ಕಂಡು ಉಳಿದವೂ ಚುರುಕಾಗುತ್ತವೆ. ಇದು ಎಷ್ಟು ಸಹಜವಾಗಿ ಒಪ್ಪಿತವಾಗಿದೆ ಎಂದರೆ ಇದೊಂದು ನಂಬಿಕೆ ಎಂಬುದೇ ಯಾರ ಗಮನಕ್ಕೂ ಬರುವುದಿಲ್ಲ. ಮಹಿಳಾ ಎಂಜಿನಿಯರುಗಳ ಸಂಘಟನೆಗಳಲ್ಲೂ ಇದೇ ನಡೆದುಬಂದಿದೆ. 1950ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್ ತನ್ನ ಘಟಕಗಳಿಗೆ ಮಿಷನ್ ಅವಾರ್ಡ್ ಎಂಬ ಹೆಸರಿನಲ್ಲಿ ಚಿನ್ನ, ಬೆಳ್ಳಿ, ಕಂಚಿನ ಮನ್ನಣೆ ಕೊಡುತ್ತದೆ. ಐಇಇಇ ಸಂಸ್ಥೆಯ ವಿಮೆನ್ ಇನ್ ಎಂಜಿನಿಯರಿಂಗ್ ವಿಭಾಗ ವರ್ಷದ ಅತ್ಯುತ್ತಮ ಗುಂಪನ್ನು ಆರಿಸುತ್ತದೆ. ಎರಡೂ ಸಂಘಟನೆಗಳು ಬೆಂಗಳೂರಿನವರೆಗೆ ಬಂದಿವೆ. ಅವು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳವರೆಗೂ ಬಂದರೆ ಏನಾದೀತು ಎಂದು ಕೇಳಿಕೊಂಡ ಕೂಡಲೇ ಈ ನಂಬಿಕೆಯೊಳಗಿನ ಗೊಂದಲ ಕಾಣತೊಡಗುತ್ತದೆ. ಪ್ರಶಸ್ತಿಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಪ್ರಶಸ್ತಿ ಯಾರಿಗೆ ಹೇಳುವ ಮಾತು ಎಂಬುದನ್ನು ನಾವು ತಪ್ಪಾಗಿ ತಿಳಿದಿದ್ದೇವೆ. ಅದಕ್ಕೇ ಅದರ ಅಳತೆಗೋಲೂ ತಪ್ಪಿದೆ.

ಮೊದಲು ಪೂರ್ವಪಕ್ಷವನ್ನು ಅದರ ಬಲವಿರುವಲ್ಲೇ ಹಿಡಿಯಬೇಕು. ಇಂಥ ಸಂಘಗಳ ಸ್ಥಳೀಯ ಕೆಲಸವೆಲ್ಲ ಸಂಬಳವಿಲ್ಲದ ಕೆಲಸ. ಡ್ಯೂಟಿ ಮುಗಿಸಿ, ಮನೆಯ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಶಾಲೆಗೆ ಹೋಗಿ ವಿಜ್ಞಾನ ಹೇಳಿಕೊಡುತ್ತಾರೆ, ಹೊಸದಾಗಿ ಸೇರಿದವಳಿಗೆ ಸಂದರ್ಶನದ ತಯಾರಿ ಮಾಡಿಸುತ್ತಾರೆ, ಸಭೆಗೆ ಜಾಗ ಹುಡುಕುತ್ತಾರೆ. ಇದಕ್ಕೆ ಪ್ರತಿಫಲವಾಗಿ ಸಂಘ ಕೊಡಬಲ್ಲದ್ದು ಗೌರವ ಒಂದೇ. ಎರಡನೆಯದಾಗಿ, ಪ್ರಶಸ್ತಿಗೆ ಅರ್ಜಿ ಹಾಕಬೇಕೆಂಬ ನೆವದಿಂದಲಾದರೂ ಘಟಕಗಳು ವರ್ಷದ ವರದಿ ಬರೆಯುತ್ತವೆ. ಬರೆದಿಡದ ಕೆಲಸ ಪದಾಧಿಕಾರಿ ಬದಲಾದ ದಿನವೇ ಮರೆತುಹೋಗುತ್ತದೆ. ಮೂರನೆಯದಾಗಿ, ಎಲ್ಲರಿಗೂ ಒಂದೇ ಮಾನದಂಡ ಎನ್ನುವುದರಲ್ಲಿ ಒಂದು ನ್ಯಾಯವಿದೆ. ಹಿಂದುಳಿದ ಪ್ರದೇಶದವರೆಂದು ವಿನಾಯಿತಿ ಕೊಟ್ಟು ಹಾರ ಹಾಕುವುದಕ್ಕಿಂತ ಬೆಂಗಳೂರಿನ ಘಟಕದ ಎದುರು ಸರಿಸಮ ನಿಲ್ಲಿಸುವುದೇ ಮರ್ಯಾದೆ ಎಂದು ಹೇಳುವವರಿದ್ದಾರೆ, ಮತ್ತು ಹಾಗೆ ಹೇಳುವವರಲ್ಲಿ ಈ ಭಾಗದವರೇ ಹೆಚ್ಚು. ಈ ಮೂರೂ ಮಾತುಗಳಲ್ಲಿ ಹುರುಳಿದೆ. ತೊಂದರೆ ಇರುವುದು ಇವು ಮೂರು ಬೇರೆ ಬೇರೆ ಕೆಲಸಗಳು ಎಂಬುದರಲ್ಲಿ: ಒಂದು ಕೃತಜ್ಞತೆ, ಇನ್ನೊಂದು ದಾಖಲೆ, ಮತ್ತೊಂದು ಹೋಲಿಕೆ. ಒಂದೇ ಫಲಕ ಈ ಮೂರನ್ನೂ ಮಾಡಲಿ ಎಂದು ಬಯಸಿದಾಗ ಹೋಲಿಕೆ ಉಳಿದೆರಡನ್ನೂ ನುಂಗಿಬಿಡುತ್ತದೆ. ಗೆಲ್ಲದ ಘಟಕಕ್ಕೆ ಕೃತಜ್ಞತೆ ಸಲ್ಲುವುದಿಲ್ಲ; ಗೆಲ್ಲಲಾರೆವು ಎಂದು ಗೊತ್ತಾದ ಘಟಕ ಎರಡನೆಯ ವರ್ಷದಿಂದ ವರದಿ ಬರೆಯುವುದನ್ನೂ ಬಿಡುತ್ತದೆ.

ಈಗ ಐದು ಊರುಗಳಿಗೆ ಬರೋಣ. ಎಂಜಿನಿಯರಿಂಗ್ ಈ ಸೀಮೆಗೆ ಹೊಸದಲ್ಲ. ನೆಲದಡಿಯ ಸುಣ್ಣಕಲ್ಲು ಇಲ್ಲಿಗೆ ಸಿಮೆಂಟನ್ನು ತಂದಿತು: ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆ, ವಾಡಿಯಲ್ಲಿ 1968ರಲ್ಲಿ, ಮಳಖೇಡ ಮತ್ತು ಸೇಡಮಿನಲ್ಲಿ 1980ರ ದಶಕದಲ್ಲಿ, ಆಮೇಲೆ ಚಿಂಚೋಳಿ ಮತ್ತು ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ. ಶಹಾಬಾದಿನಲ್ಲಿ ಬಾಯ್ಲರ್ ತಯಾರಿಸುವ ದೊಡ್ಡ ಕಾರ್ಖಾನೆಯೂ ಇತ್ತು. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಶರಣಬಸವೇಶ್ವರ ವಿದ್ಯಾವರ್ಧಕ ಸಂಘದವರು ಹೆಣ್ಣುಮಕ್ಕಳಿಗೆಂದೇ ಗೋದುತಾಯಿ ಎಂಜಿನಿಯರಿಂಗ್ ಕಾಲೇಜನ್ನು ಕಟ್ಟಿದರು. ಅಂದರೆ ಯಂತ್ರಗಳಿವೆ, ಎಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಓದು ಮುಗಿಯುತ್ತಲೇ ದಾರಿ ಬೆಂಗಳೂರಿಗೋ, ಅದಕ್ಕಿಂತ ಹತ್ತಿರದ ಹೈದರಾಬಾದಿಗೋ ಹೋಗುತ್ತದೆ. ಇಲ್ಲೇ ಉಳಿಯುವವರು ಚದುರಿಹೋಗಿರುತ್ತಾರೆ: ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಒಬ್ಬಳು, ಜೆಸ್ಕಾಂ ಶಾಖೆಯಲ್ಲಿ ಒಬ್ಬಳು, ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಲ್ಲಿ ಒಬ್ಬ ಜೆಇ, ಪಾಲಿಟೆಕ್ನಿಕ್ಕಿನಲ್ಲಿ ಇಬ್ಬರು ಉಪನ್ಯಾಸಕಿಯರು. ಇಂಥವರು ಹದಿನೈದು ಜನ ಸೇರಿ ಒಂದು ಘಟಕ ಕಟ್ಟಿದರು ಎಂದುಕೊಳ್ಳಿ. ಶಹಾಬಾದ್ ಸೊಲ್ಲಾಪುರದ ದಿಕ್ಕಿನ ರೈಲುಮಾರ್ಗದಲ್ಲಿದೆ, ಚಿತ್ತಾಪುರ ಮತ್ತು ಸೇಡಂ ಸಿಕಂದರಾಬಾದ್ ಮಾರ್ಗದಲ್ಲಿವೆ, ಎರಡೂ ಕೂಡುವುದು ವಾಡಿ ಜಂಕ್ಷನ್ನಿನಲ್ಲಿ. ಚಿಂಚೋಳಿಗೆ ರೈಲೇ ಇಲ್ಲ. ಸಭೆಗೆ ಎಷ್ಟು ಜನ ಬಂದರು ಎಂದು ಕೇಂದ್ರ ಕಚೇರಿ ಅಂಕ ಹಾಕುವಾಗ ಅದು ನಿಜಕ್ಕೂ ಅಳೆಯುವುದು ಸದಸ್ಯರ ಉತ್ಸಾಹವನ್ನೋ, ರೈಲು-ಬಸ್ಸುಗಳ ವೇಳಾಪಟ್ಟಿಯನ್ನೋ?

ಇಷ್ಟೇ ಆಗಿದ್ದರೆ ಇದು ಹಳೆಯ ದೂರು, ದೂರದೂರಿನವರ ಗೋಳು ಎಂದು ತಳ್ಳಿಹಾಕಬಹುದಿತ್ತು. ಗೊಂದಲ ಇದಕ್ಕಿಂತ ಆಳದಲ್ಲಿದೆ. ಅದು ಎಣಿಕೆಗೇ ಸಂಬಂಧಿಸಿದ್ದು. ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲಿನ ಗಣಿ 2025ರವರೆಗೆ 1952ರ ಗಣಿ ಕಾಯ್ದೆಯ ವ್ಯಾಪ್ತಿಗೆ ಬರುತ್ತಿತ್ತು. ಆ ಕಾಯ್ದೆ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ, ಅದೂ ನೆಲದ ಮೇಲೆ ಮಾತ್ರ ದುಡಿಯಬಹುದು ಎಂದಿತ್ತು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸಡಿಲಿಸಿ, ತೆರೆದ ಗಣಿಗಳಲ್ಲಿ ರಾತ್ರಿಯೂ ದುಡಿಯಲು ಅವಕಾಶ ಕೊಟ್ಟಿತು. ಷರತ್ತುಗಳಲ್ಲಿ ಒಂದು, ಲಿಖಿತ ಒಪ್ಪಿಗೆ. ಇನ್ನೊಂದು, ಒಂದು ಶಿಫ್ಟಿನಲ್ಲಿ ಕನಿಷ್ಠ ಮೂವರು ಹೆಂಗಸರಿರಬೇಕು. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲೂ ಷರತ್ತುಬದ್ಧವಾಗಿ ರಾತ್ರಿ ಪಾಳಿಯನ್ನು ತೆರೆಯಿತು. ಕಿಲ್ನ್ ಹಗಲು-ರಾತ್ರಿ ಉರಿಯುವ ಉದ್ಯಮದಲ್ಲಿ ಶಿಫ್ಟ್ ಮಾಡದವರು ಶಿಫ್ಟಿನ ಜವಾಬ್ದಾರಿ ಹೊರುವ ಹುದ್ದೆಗೆ ಏರುವುದು ಕಷ್ಟ ಎಂಬುದನ್ನು ವಿವರಿಸಬೇಕಾಗಿಲ್ಲ. ಈಗ ಗಣಿಯ ಲೆಕ್ಕ ನೋಡಿ. ಅಲ್ಲಿ ಇಬ್ಬರು ಹೆಂಗಸರಿದ್ದಾಗ 2019ರ ಆ ಷರತ್ತಿನ ಪ್ರಕಾರ ರಾತ್ರಿ ಪಾಳಿ ಇಲ್ಲ. ಮೂರನೆಯವಳು ಬಂದ ದಿನ ಮೂವರಿಗೂ ಬಾಗಿಲು ತೆರೆಯುತ್ತದೆ. (ಮೂವರೂ ಎಂಜಿನಿಯರುಗಳೇ ಆಗಿರಬೇಕೆಂದಿಲ್ಲ, ಆದ್ದರಿಂದಲೇ ಎಂಜಿನಿಯರುಗಳ ಘಟಕ ಗಣಿಯ ಸರ್ವೇಯರ್, ಡಂಪರ್ ಚಾಲಕಿಯರ ಜೊತೆಗೂ ನಂಟು ಬೆಳೆಸಬೇಕಾಗುತ್ತದೆ, ಆ ಮಾತು ಬೇರೆ.) ಎರಡು ಮೂರಾಗುವುದು ಒಂದರ ಏರಿಕೆ. ಬೆಂಗಳೂರಿನ ಘಟಕದಲ್ಲಿ ಮುನ್ನೂರು ಜನ ಮುನ್ನೂರ ಮೂವತ್ತಾದರೆ ಮೂವತ್ತರ ಏರಿಕೆ. ಯಾವ ಅಂಕಪಟ್ಟಿಯಲ್ಲೂ ಮೂವತ್ತು ಒಂದನ್ನು ಸೋಲಿಸುತ್ತದೆ. ಆದರೆ ಆ ಮೂವತ್ತು ಜನ ಬಂದರೂ ಬಾರದಿದ್ದರೂ ಬೆಂಗಳೂರಿನ ಮುನ್ನೂರು ಜನರ ಕೆಲಸದ ಬದುಕು ಇದ್ದಂತೆಯೇ ಇರುತ್ತದೆ. ಗಣಿಯಲ್ಲಿ ಆ ಒಬ್ಬಳು ಬಾರದಿದ್ದರೆ ಇಬ್ಬರ ಬಡ್ತಿಯ ದಾರಿಯೇ ಮುಚ್ಚಿರುತ್ತದೆ. ಹೋಲಿಸಲಾಗದ್ದನ್ನು ಹೋಲಿಸಲು ಹೊರಟಾಗ ಸಣ್ಣ ಘಟಕಕ್ಕೆ ಕಡಿಮೆ ಅಂಕ ಬರುವುದಷ್ಟೇ ಅಲ್ಲ, ಅದು ಮಾಡಿದ ಅತಿ ದೊಡ್ಡ ಕೆಲಸವೇ ಕಣ್ಣಿಗೆ ಬೀಳುವುದಿಲ್ಲ.

ಶೇಕಡಾವಾರು ಲೆಕ್ಕ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಸರಿಹೋಗುವುದಿಲ್ಲ, ಏಕೆಂದರೆ ಸದಸ್ಯರ ಏರಿಳಿತ ಘಟಕದ ಕೈಯಲ್ಲೇ ಇಲ್ಲ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿದ್ದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ 1998ರಲ್ಲಿ ನಿಂತಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ಮುಚ್ಚಿತು. ಅಂಥ ವರ್ಷದಲ್ಲಿ ಘಟಕವೊಂದು ಅಲ್ಲಿದ್ದಿದ್ದರೆ, ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಿಕೊಡುವುದರಲ್ಲೇ ಅದರ ವರ್ಷ ಕಳೆಯುತ್ತಿತ್ತು. ಹುಡುಕಿಕೊಟ್ಟಷ್ಟೂ ಅವರು ಊರು ಬಿಡುತ್ತಿದ್ದರು. ಊರು ಬಿಟ್ಟಷ್ಟೂ ಸದಸ್ಯತ್ವ ಕುಸಿದು ಅಂಕ ಇಳಿಯುತ್ತಿತ್ತು. ಕೆಲಸ ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಡಿಮೆ ಅಂಕ ಕೊಡುವ ಮಾನದಂಡವನ್ನು ಮಾನದಂಡ ಎನ್ನಲಾಗದು. ಎಲ್ಲ ಸರಿಯಿದ್ದ ವರ್ಷದಲ್ಲೂ ಇದೇ ತರ್ಕ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಚಿಂಚೋಳಿಯ ಹುಡುಗಿಯೊಬ್ಬಳಿಗೆ ಇಲ್ಲಿನ ಜೆಇ ಮೂರು ವರ್ಷ ಬೆನ್ನುಹತ್ತಿ ಗಣಿತ ಹೇಳಿಕೊಟ್ಟಳು, ತಂದೆಯನ್ನು ಒಪ್ಪಿಸಿದಳು, ಅವಳು ಬಿಇ ಮುಗಿಸಿ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದಳು ಎನ್ನೋಣ. ಹೊಸ ಸದಸ್ಯೆಯ ಅಂಕ ಹೈದರಾಬಾದಿನ ಘಟಕಕ್ಕೆ. ಹೈದರಾಬಾದಿನವರು ಮೋಸ ಮಾಡಿಲ್ಲ. ಅಂಕ ಕೂಡಿಸುವ ರೀತಿಯೇ ಬೆಳೆ ಎಲ್ಲಿ ಮಾರಾಟವಾಯಿತು ಎಂದು ನೋಡುತ್ತದೆ, ಎಲ್ಲಿ ಬಿತ್ತಿದ್ದು ಎಂದು ಕೇಳುವುದಿಲ್ಲ.

ಇಲ್ಲಿ ಎದುರುವಾದಿಗಳು ಗಟ್ಟಿಯಾದ ಒಂದು ಉದಾಹರಣೆ ತರಬಹುದು. ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ ಗಾಂಧಿ ಗ್ರಾಮ ಪುರಸ್ಕಾರ ಕೊಡುತ್ತದೆ; ಅದು ಶುದ್ಧ ಪೈಪೋಟಿ, ಅಂಕಗಳ ಲೆಕ್ಕವೇ ಅದರ ಆಧಾರ, ಆದರೂ ಪಂಚಾಯಿತಿಗಳು ಅದಕ್ಕಾಗಿ ಪ್ರಯತ್ನಪಡುತ್ತವೆ. ನಿಜ. ಆದರೆ ಆ ಪುರಸ್ಕಾರದ ರಚನೆಯನ್ನು ಗಮನಿಸಬೇಕು. ತಾಲ್ಲೂಕಿಗೊಂದು ಪಂಚಾಯಿತಿಯನ್ನು ಆರಿಸುತ್ತಾರೆ. ಅಂದರೆ ಚಿಂಚೋಳಿಯ ಪಂಚಾಯಿತಿಯ ಎದುರಾಳಿ ಚಿಂಚೋಳಿಯದೇ ಇನ್ನೊಂದು ಪಂಚಾಯಿತಿ, ಬೆಂಗಳೂರು ಸುತ್ತಲಿನದಲ್ಲ. ಜೊತೆಗೆ 5 ಲಕ್ಷ ರೂಪಾಯಿ ಬರುತ್ತದೆ. ಹಣದಿಂದ ಮತ್ತೆ ಕೆಲಸ ಆಗುತ್ತದೆ. ಅಂಕಗಳ ಅರ್ಜಿ ತುಂಬಲು ಸಂಬಳ ಪಡೆಯುವ ಪಿಡಿಒ ಇರುತ್ತಾರೆ. ಸ್ವಯಂಸೇವೆಯ ಮೇಲೆ ನಿಂತ ವೃತ್ತಿ ಸಂಘದಲ್ಲಿ ಈ ಮೂರೂ ಇಲ್ಲ. ಪೈಪೋಟಿಯ ಆಕಾರವನ್ನು ಮಾತ್ರ ಎರವಲು ತಂದು, ಅದು ನಡೆಯುವಂತೆ ಮಾಡಿದ ಏರ್ಪಾಡುಗಳನ್ನು ಬಿಟ್ಟುಬಂದರೆ ಉಳಿಯುವುದು ಅರ್ಜಿ ನಮೂನೆ ಮಾತ್ರ. ಅರ್ಜಿ ನಮೂನೆ ಏನು ಕೇಳುತ್ತದೋ ಘಟಕ ಅದನ್ನೇ ಮಾಡತೊಡಗುತ್ತದೆ: ಮಾರ್ಚ್ 8ಕ್ಕೆ ಒಂದು ಮಹಿಳಾ ದಿನ, ಸೆಪ್ಟೆಂಬರ್ 15ಕ್ಕೆ ಒಂದು ಎಂಜಿನಿಯರುಗಳ ದಿನ, ಶಾಲು, ಸ್ಮರಣಿಕೆ, ಬ್ಯಾನರ್ ಹಿಡಿದ ಗುಂಪು ಫೋಟೊ. ಫೋಟೊದಲ್ಲಿ ನಿಂತವರಲ್ಲಿ ಯಾರಿಗೆ ಈ ವರ್ಷ ಬಡ್ತಿ ತಪ್ಪಿತು ಎಂದು ನಮೂನೆ ಕೇಳುವುದಿಲ್ಲ.

ಹೋಲಿಕೆಯನ್ನು ಇನ್ನೊಂದು ದಿಕ್ಕಿಗೆ ಬಳಸಿದ ಉದಾಹರಣೆ ನಮ್ಮಲ್ಲೇ ಇದೆ ಎಂಬುದನ್ನೂ ನೆನೆಯಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನಿಟ್ಟು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆ 39ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ವಾಡಿ, ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿಗೇ ಸೇರಿದ್ದವು. ಅಂಕಿಗಳ ಸಾಲು ಹಚ್ಚಿದ್ದು ಮೊದಲನೆಯವರಿಗೆ ಹಾರ ಹಾಕಲು ಅಲ್ಲ, ಕೊನೆಯವರಿಗೆ ಎಷ್ಟು ಕೊಡಬೇಕು ಎಂದು ತಿಳಿಯಲು. ಶಿಫಾರಸುಗಳು ಎಷ್ಟರಮಟ್ಟಿಗೆ ಜಾರಿಗೆ ಬಂದವು ಎಂಬುದು ಈ ಭಾಗದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ತರ್ಕ ಸರಿಯಿತ್ತು: ಅಳೆದದ್ದು ಒದಗಿಸಲಿಕ್ಕೆ.

ಹಾಗಾದರೆ ಘಟಕ ಪ್ರಶಸ್ತಿಗಳನ್ನು ತೆಗೆದೇಬಿಡೋಣ, ಕೆಲಸಕ್ಕೆ ಕೆಲಸವೇ ಪ್ರತಿಫಲ ಎನ್ನುವ ಇನ್ನೊಂದು ಪಕ್ಷವಿದೆ. ಕೇಳಲು ಉದಾತ್ತವಾದ ಈ ಮಾತನ್ನು ಸಾಮಾನ್ಯವಾಗಿ ಆಡುವವರು ಆಗಲೇ ಗುರುತು ಸಿಕ್ಕಿರುವವರು. ನನ್ನ ಭಿನ್ನಮತ ಇಲ್ಲಿದೆ. ಮೇಲಿನ ಎರಡೂ ಪಕ್ಷಗಳು ಒಂದು ಸಂಗತಿಯನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿವೆ: ಪ್ರಶಸ್ತಿ ಘಟಕದ ಸದಸ್ಯರಿಗೆ ಕೊಡುವ ಪ್ರೇರಣೆ ಎಂದು. ಸದಸ್ಯೆಯರಿಗೆ ತಾವೇನು ಮಾಡಿದೆವು ಎಂದು ಗೊತ್ತಿದೆ. ಫಲಕ ನೋಡಿ ಅವರು ತಿಳಿಯಬೇಕಾದ್ದು ಏನೂ ಇಲ್ಲ. ತಿಳಿಯಬೇಕಾದವರು ಬೇರೆಯವರು. ಶನಿವಾರ ಅರ್ಧ ದಿನ ರಜೆ ಕೇಳಿದಾಗ ಹುಬ್ಬುಗಂಟಿಕ್ಕುವ ವಿಭಾಗದ ಮುಖ್ಯಸ್ಥ, ಸಭೆಗೆ ಕೊಠಡಿ ಕೊಡಲು ಅನುಮಾನಿಸುವ ಪ್ರಾಂಶುಪಾಲರು, ಮಗಳು ಭಾನುವಾರ ವಾಡಿಗೇಕೆ ಹೋಗಬೇಕು ಎಂದು ಕೇಳುವ ತಂದೆ, ಸಿಎಸ್‌ಆರ್ ಹಣವನ್ನು ಎಲ್ಲಿಗೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರಿ. ಇವರ ಮುಂದೆ ಹದಿನೈದು ಹೆಣ್ಣುಮಕ್ಕಳ ಗುಂಪು ಎಂದರೆ ಹರಟೆಯ ಗುಂಪು. ಹೊರಗಿನ, ಹೆಸರುಳ್ಳ ಸಂಸ್ಥೆಯೊಂದು ‘ಇದು ನಮ್ಮ ಘಟಕ, ಇಂಥಿಂಥ ಕೆಲಸ ಮಾಡಿದೆ’ ಎಂದು ಬರೆದುಕೊಟ್ಟರೆ ಅದೇ ಗುಂಪು ಸಂಸ್ಥೆಯಾಗುತ್ತದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಈ ಪತ್ರದ ಅಗತ್ಯ ಕಡಿಮೆ. ಅಲ್ಲಿ ಮಹಿಳಾ ಗುಂಪಿಗೆ ಕಂಪನಿಯದೇ ಬಜೆಟ್ ಇರುತ್ತದೆ. ಎಲ್ಲಿ ಗೆಲ್ಲುವ ಸಾಧ್ಯತೆ ಕಡಿಮೆಯೋ ಅಲ್ಲಿಯೇ ಮನ್ನಣೆಯ ಉಪಯೋಗ ಹೆಚ್ಚು. ಪೈಪೋಟಿಯ ಪ್ರಶಸ್ತಿ ಈ ಕಾರಣಕ್ಕೇ ತಪ್ಪು ವಿಳಾಸಕ್ಕೆ ಹೋಗುವ ಪತ್ರ.

ಮನ್ನಣೆ ಎಂದರೆ ಮೂರನೆಯವರಿಗೆ ಹೇಳುವ ಸಾಕ್ಷ್ಯ ಎಂಬ ಕಲ್ಪನೆ ಈ ನೆಲಕ್ಕೆ ಅಪರಿಚಿತವೂ ಅಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ, ಇತ್ತು. ಅದರ 11ನೆಯ ಶತಮಾನದ ಶಾಸನ ವೇದ ಓದುವವರು 200, ಶಾಸ್ತ್ರ ಓದುವವರು 52, ಗ್ರಂಥಭಂಡಾರ ನೋಡಿಕೊಳ್ಳುವವರು 6 ಎಂದು ಲೆಕ್ಕ ಕೊಡುತ್ತದೆ. ಅವರ ಯೋಗಕ್ಷೇಮಕ್ಕೆ ಮಾಡಿದ ಏರ್ಪಾಡನ್ನೂ ದಾಖಲಿಸುತ್ತದೆ. ಆ ಕಾಲದ ಘಟಿಕಾಸ್ಥಾನಗಳಲ್ಲಿ ನಾಗಾವಿಗೆ ಎಷ್ಟನೆಯ ಸ್ಥಾನ ಎಂದು ಅಲ್ಲಿ ಬರೆದಿಲ್ಲ. ಬರೆದಿರುವುದು ಏನಿದೆ, ಅದಕ್ಕೆ ಏನು ಸಲ್ಲಬೇಕು ಎಂದು. ಕಲ್ಲಿನ ಮೇಲೆ ಕೆತ್ತಿಸಿದ್ದು ಒಳಗೆ ಓದುವವರಿಗಾಗಿ ಅಲ್ಲ, ಮುಂದೆ ಬಂದು ಆ ದತ್ತಿಗೆ ಕೈಹಾಕಬಹುದಾದವರಿಗಾಗಿ. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದಿತ್ತೆಂದು ಇದರಿಂದ ಹೇಳಬರುವುದಿಲ್ಲ. ನಾನು ಎತ್ತಿಕೊಳ್ಳುತ್ತಿರುವುದು ಮನ್ನಣೆಯ ವ್ಯಾಕರಣವನ್ನು ಮಾತ್ರ. ಇದಕ್ಕೆ ವಿರುದ್ಧವಾಗಿ, ಇಂಥ ಸಾಕ್ಷ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎ. ಲಲಿತಾ ಉದಾಹರಣೆ. ಮದರಾಸಿನ ಗಿಂಡಿ ಕಾಲೇಜಿನಿಂದ 1943ರಲ್ಲಿ ಪದವಿ ಪಡೆದ, ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು, 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋದರು. ಭಾರತದಲ್ಲಿ ಘಟಕವಿರಲಿಲ್ಲ, ಹಾಗಾಗಿ ವೈಯಕ್ತಿಕ ನೆಲೆಯಲ್ಲಿ ಹೋಗಬೇಕಾಯಿತು. ಸಾಧನೆ ಅವರ ಕೈಲಿತ್ತು. ಅದನ್ನು ತನ್ನದೆಂದು ಹೇಳುವ ಸಂಸ್ಥೆ ಬೆನ್ನಿಗಿರಲಿಲ್ಲ.

ಹೀಗೆ ನೋಡಿದಾಗ ಆರಂಭದಲ್ಲಿ ಹೇಳಿದ ಎರಡು ಮಾದರಿಗಳ ವ್ಯತ್ಯಾಸ ಮುಖ್ಯವಾಗುತ್ತದೆ. ವರ್ಷದ ಅತ್ಯುತ್ತಮ ಗುಂಪು ಎನ್ನುವಾಗ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಚಿನ್ನ, ಬೆಳ್ಳಿ, ಕಂಚಿನ ಹಂತಗಳಿದ್ದಾಗ ಹೆಸರು ಒಲಿಂಪಿಕ್ಸಿನದಾದರೂ ಸ್ವಭಾವ ಬೇರೆ: ಒಂದೇ ವರ್ಷ ಹಲವು ಘಟಕಗಳು ಚಿನ್ನ ಪಡೆಯಬಹುದು. ವಾಡಿ, ಸೇಡಮಿನಿಂದ ಹೊರಡುವ ಸಿಮೆಂಟ್ ಚೀಲವನ್ನೇ ನೋಡಿ. ಅದರ ಮೇಲೆ 43 ಅಥವಾ 53 ಗ್ರೇಡ್ ಎಂದಿರುತ್ತದೆ. 28 ದಿನಗಳಲ್ಲಿ ಕನಿಷ್ಠ ಅಷ್ಟು ಮೆಗಾಪಾಸ್ಕಲ್ ಒತ್ತಡ ತಾಳಬೇಕು ಎಂದು ಅರ್ಥ. ಮಾನಕ ಮುಟ್ಟಿದ ಪ್ರತಿ ಚೀಲಕ್ಕೂ ಆ ಮುದ್ರೆ ಉಂಟು. ಈ ವರ್ಷದ ಅತ್ಯುತ್ತಮ ಚೀಲ ಎಂದು ಯಾರೂ ಆರಿಸುವುದಿಲ್ಲ, ಲಕ್ಷಾಂತರ ಚೀಲಗಳಿಗೆ ಸಿಕ್ಕಿತೆಂದು ಮುದ್ರೆಯ ಬೆಲೆಯೂ ಇಳಿಯುವುದಿಲ್ಲ, ಏಕೆಂದರೆ ಮುದ್ರೆ ಚೀಲವನ್ನು ಹೊಗಳಲು ಇರುವುದಲ್ಲ, ಮನೆ ಕಟ್ಟುವವನಿಗೆ ಭರವಸೆ ಕೊಡಲು ಇರುವುದು. ಎಲ್ಲರಿಗೂ ಚಿನ್ನ ಸಿಕ್ಕರೆ ಚಿನ್ನಕ್ಕೇನು ಬೆಲೆ ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಬೆಲೆ ವಿರಳತೆಯಿಂದ ಬರಬೇಕೆಂದು ಹಟ ಹಿಡಿಯುವುದು ಆಭರಣದ ಅಂಗಡಿಗೆ ಸರಿ. ಎಂಜಿನಿಯರಿಂಗ್ ಲೋಕ ನಂಬಿಕೆ ಗಳಿಸಿರುವುದು ಮಾನಕಗಳಿಂದ.

ಆದರೆ ಮಾನಕವೂ ಬೆಂಗಳೂರಿನಲ್ಲಿ ಕೂತು ಬರೆದದ್ದಾದರೆ ಹಳೆಯ ತೊಂದರೆ ಹಿಂಬಾಗಿಲಿನಿಂದ ಬರುತ್ತದೆ. ಆದ್ದರಿಂದ ಕೆಲವು ಷರತ್ತುಗಳು ಬೇಕಾಗುತ್ತವೆ:

1. ಎಷ್ಟು ಜನ ಸೇರಿದರು ಎಂಬುದಕ್ಕಿಂತ ಎಷ್ಟು ಜನ ವೃತ್ತಿಯಲ್ಲಿ ಉಳಿದರು ಎಂಬುದನ್ನು ಕೇಳಬೇಕು. ಮದುವೆ, ಹೆರಿಗೆ, ವರ್ಗಾವಣೆ ಈ ಮೂರರ ನಂತರವೂ ಎಂಜಿನಿಯರಾಗಿಯೇ ಮುಂದುವರಿದವರ ಲೆಕ್ಕ ಹದಿನೈದು ಜನರ ಘಟಕಕ್ಕೂ ಸಿಗುತ್ತದೆ, ಮುನ್ನೂರರದಕ್ಕೂ ಸಿಗುತ್ತದೆ. ಊರು ಬಿಟ್ಟು ಬೇರೆಡೆ ಕೆಲಸಕ್ಕೆ ಹೋದವಳನ್ನು ನಷ್ಟದ ಪಟ್ಟಿಗೆ ಹಾಕಬಾರದು.

2. ಒಂದು ಮಿತಿಯನ್ನು ದಾಟಿಸಿದ ಕೆಲಸಕ್ಕೆ ಪ್ರತ್ಯೇಕ ತೂಕವಿರಬೇಕು. ಗಣಿಯ ಮೂರನೆಯವಳು ಇದಕ್ಕೆ ಉದಾಹರಣೆ. ಇಡೀ ಪ್ಲಾಂಟಿನಲ್ಲಿ ಹೆಂಗಸರಿಗೆ ಮೊದಲ ಬಾರಿ ಶೌಚಾಲಯ ಕಟ್ಟಿಸಿದ್ದು ಇನ್ನೊಂದು. ಇವು ಸಂಖ್ಯೆಯಲ್ಲಿ ಸಣ್ಣವು, ಪರಿಣಾಮದಲ್ಲಿ ಅಲ್ಲ.

3. ಮನ್ನಣೆ ಫಲಕವಾಗಿ ಸಭಾಂಗಣದಲ್ಲಿ ಕೈಬದಲಾದರೆ ಸಾಲದು, ಹೆಸರಿಟ್ಟು ಕಾರ್ಖಾನೆಯ ಮುಖ್ಯಸ್ಥರಿಗೆ, ಕಾಲೇಜಿಗೆ, ಇಲಾಖೆಗೆ ಪತ್ರವಾಗಿ ಹೋಗಬೇಕು. ಕನ್ನಡದಲ್ಲಿಯೂ ಹೋಗಬೇಕು, ಚಿಂಚೋಳಿಯ ತಂದೆ ಓದುವಂತಿರಬೇಕು.

ಒಂದು ಆಕ್ಷೇಪ ಉಳಿಯುತ್ತದೆ, ಅದು ಬಲವಾದದ್ದೇ. ಇಂಥ ಸಂಗತಿಗಳನ್ನು ಪರಿಶೀಲಿಸುವವರು ಯಾರು? ಸಭೆಗಳ ಸಂಖ್ಯೆಯನ್ನು ಹಾಳೆಯ ಮೇಲೆ ಎಣಿಸಬಹುದು, ‘ವೃತ್ತಿಯಲ್ಲಿ ಉಳಿದರು’ ಎಂಬುದನ್ನು ಯಾರಾದರೂ ಹೋಗಿ ಮಾತಾಡಿ ತಿಳಿಯಬೇಕು. ಘಟಕವೇ ಬರೆದುಕೊಟ್ಟದ್ದನ್ನು ನಂಬಿದರೆ ಸಾಕ್ಷ್ಯ ಎನ್ನುವ ಮಾತಿಗೆ ಅರ್ಥವಿಲ್ಲ. ಸಿಮೆಂಟಿನ ಮುದ್ರೆಯ ಹಿಂದೆ ಪರೀಕ್ಷೆ ಇದೆ, ಬರೀ ಸ್ವಯಂಘೋಷಣೆ ಇಲ್ಲ. ಇದಕ್ಕೆ ಅಗ್ಗದ ಉಪಾಯವಿಲ್ಲ. ಕೇಂದ್ರದಿಂದ ಇಬ್ಬರು ಸದಸ್ಯೆಯರು ಎರಡು ವರ್ಷಕ್ಕೊಮ್ಮೆಯಾದರೂ ವಾಡಿಗೆ ಬರಬೇಕು, ಅಲ್ಲಿಂದ ಬಸ್ಸು ಹಿಡಿದು ಚಿಂಚೋಳಿಗೆ ಹೋಗಬೇಕು, ಘಟಕದವರ ಜೊತೆಗಲ್ಲದೆ ಅವರ ಮೇಲಧಿಕಾರಿಗಳ ಜೊತೆಗೂ ಕೂತು ಮಾತಾಡಬೇಕು. ಇದರಿಂದ ಹಣವೂ ಸಮಯವೂ ಖರ್ಚಾಗುತ್ತದೆ, ಮತ್ತು ಇಂಥ ಪರಿಶೀಲನೆಯಲ್ಲಿ ಕೇಂದ್ರಕ್ಕೂ ಒಂದಿಷ್ಟು ಮುಜುಗರ ಕಾದಿರುತ್ತದೆ: ನೀವು ಕೇಳಿದ ನಮೂನೆ ತುಂಬಿದೆವು, ನಾವು ಕೇಳಿದ್ದಕ್ಕೆ ಏನು ಮಾಡಿದಿರಿ ಎಂದು ಘಟಕವೂ ಕೇಳಬಹುದು. ಕೇಳಲಿ. 1950ರಲ್ಲಿ ಅಮೆರಿಕದ ಆ ಸಂಘ ಹುಟ್ಟಿದ್ದೇ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್, ವಾಷಿಂಗ್ಟನ್ ಕಡೆಯ ಸಣ್ಣ ಗುಂಪುಗಳು ಒಂದೆಡೆ ಸೇರಿದ್ದರಿಂದ. ಗುಂಪುಗಳು ಕೇಂದ್ರವನ್ನು ಕಟ್ಟಿದವು. ಕೇಂದ್ರ ಗುಂಪುಗಳಿಗೆ ಅಂಕ ಕೊಡತೊಡಗಿದ್ದು ಆಮೇಲೆ. ಪ್ರಯಾಣದ ಖರ್ಚನ್ನು ಬಜೆಟ್ಟಿನಲ್ಲಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗಾದರೆ ಉತ್ತರ ಸುಲಭ: ವಾರ್ಷಿಕ ಸಮಾರಂಭದ ವೇದಿಕೆಯ ಖರ್ಚಿನಿಂದ.